ಗೊರಾ ಅಂದ್ರೆ ಬೆಟ್ಟಾನೋ ಕಾಡೋ?

ರಷ್ಯನ್ ಕ್ಲಾಸಲ್ಲಿ ‘ಗೊರಾ’ ಅಂದ್ರೆ ಬೆಟ್ಟ ಅಂತ ಕಲ್ತು ಬಲ್ಗೇರಿಯಾಗೆ ಹೋದ್ರೆ ಅಲ್ಲಿ ಅದೇ ಪದಕ್ಕೆ ಕಾಡು ಅಂತಾರೆ, ಯಾವ್ದು ಸರಿ, ಮತ್ತೆ ಇದು ನಮ್ಮ ‘ಗಿರಿ’ಯಿಂದ ಹೋಗಿದ್ದಲ್ವಾ ಅಂತ ಕೇಳಿದೀರಿ.

ಎರಡೂ ಸರಿ ಸ್ವಾಮಿ. ರಷ್ಯನ್, ಬಲ್ಗೇರಿಯನ್, ಪೋಲಿಶ್ ಥರದ ಸ್ಲಾವಿಕ್ ಭಾಷೆಗಳಿಗೆಲ್ಲ ತಾಯಿಯಾದ ಹಳೇ ಮೂಲಭಾಷೆಯ ‘ಗೊರಾ’ ಬರಹದಲ್ಲಿ ಎಲ್ಲೂ ಸಿಕ್ಕಿದ್ದಲ್ಲ, ಮೊಮ್ಮಕ್ಕಳ ಮುಖ ನೋಡಿ ಅಜ್ಜಿ ಚಿತ್ರ ಬರೆದ ಹಾಗೆ ಪಂಡಿತರು ಕಟ್ಟಿಕೊಂಡಿದ್ದು, ಅದಕ್ಕೇ ಪದದ ಮುಂದೆ ಒಂದು ನಕ್ಷತ್ರ ಹಾಕ್ತಾರೆ. ಪೋಲಿಶ್‌ನಲ್ಲಿ ‘ಗುರಾ’, ಝೆಕ್ ಮತ್ತೆ ಉಕ್ರೇನಿಯನ್‌ನಲ್ಲಿ ಗಕಾರ ಹಕಾರ ಆಗಿ ‘ಹೊರಾ’ (ನಮ್ಮ ಪಾಲು ಹಾಲಾಯ್ತಲ್ಲ, ಅಕ್ಷರ ಬೇರೆ, ಅಷ್ಟೇ). ಪೋಲೆಂಡಿನ ಮನೇಲಿ ‘ನಾ ಗುರೆಂ’ ಹೋಗು ಅಂದ್ರೆ ಬೆಟ್ಟ ಹತ್ತು ಅಂತಲ್ಲ, ಮಹಡಿಗೆ ಹೋಗು ಅಂತಾನೂ ಆಗುತ್ತೆ!

ಕಾಡು ಹೇಗಾಯ್ತು ಅನ್ನೋದು ನಮಗೆ ಅರ್ಥ ಆಗದ್ದೇನಲ್ಲ, ಕನ್ನಡದ ‘ಮಲೆ’ ನೋಡಿ, ಬೆಟ್ಟಾನೂ ಹೌದು ಬೆಟ್ಟದ ಕಾಡೂ ಹೌದು. ಬಲ್ಗೇರಿಯಾದಲ್ಲಿ ಬೆಟ್ಟಕ್ಕೆ ‘ಪ್ಲಾನಿನಾ’ ಅನ್ನೋ ಪದ ನಿಂತು ‘ಗೊರಾ’ ಕಾಡಿಗೆ ಉಳೀತು, ಆದ್ರೂ ಅಲ್ಲೇ ‘ಸ್ರೆದ್ನಾ ಗೊರಾ’ ಅಂತ ಒಂದು ಬೆಟ್ಟಸಾಲು ಹಳೇ ಅರ್ಥ ಹಿಡ್ಕೊಂಡು ಕೂತಿದೆ. ಇನ್ನೂ ಮಜಾ ಅಂದ್ರೆ ಸ್ಲಾವಿಕ್ ಭಾಷೆಗಳ ಹತ್ತಿರದ ನೆಂಟ ಲಿಥುವೇನಿಯನ್‌ನಲ್ಲಿ ಇದೇ ಬೇರಿನ ‘ಗಿರ್ಯಾ’ ಅಂದ್ರೆ ಕಾಡೇ.

‘ಗಿರಿ’ ವಿಚಾರಕ್ಕೆ ಬರೋಣ. ನಂಟು ಇದೆ, ಆದ್ರೆ ಸಂಸ್ಕೃತದಿಂದ ಅಲ್ಲಿಗೆ ಹೋಗಿದ್ದಲ್ಲ, ವಾಟ್ಸಾಪಲ್ಲಿ ಯಾರೋ ಕಳಿಸಿರ್ತಾರೆ ನಂಬಬೇಡಿ. ಗಿರಿ, ಇರಾನಿನ ಹಳೇ ಧರ್ಮಗ್ರಂಥ ಅವೆಸ್ತಾದ ‘ಗಇರಿ’, ಈ ಗೊರಾ ಮೂರೂ ಒಂದೇ ಹಳೇ ಬೇರಿನವು, ಅಂದ್ರೆ ದಾಯಾದಿಗಳು, ಅಪ್ಪ ಮಗ ಅಲ್ಲ. ನಾವು ಗಿರಿಯನ್ನ ಸಂಸ್ಕೃತದಿಂದ ತಗೊಂಡ್ವಿ, ‘ಮಲೆ’ ನಮ್ಮದೇ. ಹಾಗೇ ರಷ್ಯಾದ ಊರು ನವ್ಗೊರೊದ್ ಅಂದ್ರೆ ‘ಹೊಸ ಗಿರಿ’ ಅಂತ ಬರೆದಿದೀರಲ್ಲ, ಅದು ತಪ್ಪು, ಅಲ್ಲಿರೋದು ‘ಗೊರೊದ್’, ಬೇಲಿ ಹಾಕಿದ ಊರು, ಅದರ ಮೂಲ ಬೇರೆ. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ಗ್ರೇಡೂ ಅದೇ.

ಮಾಂಟೆನೆಗ್ರೊ ದೇಶಕ್ಕೆ ಅಲ್ಲಿಯವರು ‘ತ್ಸ್ರ್ನಾ ಗೊರಾ’ ಅಂತಾರೆ, ಕರಿಬೆಟ್ಟ. ರಾಜಧಾನಿ ಪೊದ್ಗೊರಿತ್ಸಾ, ‘ಪೊದ್’ ಅಂದ್ರೆ ಕೆಳಗೆ, ‘ಗೊರಿತ್ಸಾ’ ಅಂದ್ರೆ ಪುಟ್ಟ ಗುಡ್ಡ. 1946ರಿಂದ 1992ರವರೆಗೆ ಯುಗೊಸ್ಲಾವಿಯಾದ ನಾಯಕ ಟಿಟೊ ಹೆಸರಲ್ಲಿ ಟಿಟೊಗ್ರಾದ್ ಅಂತ ಕರೆದ್ರು, ಆಮೇಲೆ ಹಳೇ ಹೆಸರೇ ವಾಪಸ್ ಬಂತು. ಗೊರಿತ್ಸಾ ಗುಡ್ಡ ಈಗಲೂ ಊರ ಮಧ್ಯೇನೇ ಇದೆ.