ಸೈಕಲ್ ಹಿಂದೆ ಮಗುವಿನ ಗಾಡಿ: ಯಜಮಾನರು ಬೇಡ ಅಂತಾರೆ, ಮಾರಿಬಿಡಲಾ?

ಪ್ರಶ್ನೆ: ನಮ್ಮ ಮನೆ ಮೈಸೂರಿನ ಬೋಗಾದಿಯಲ್ಲಿ, ರಿಂಗ್ ರೋಡಿನ ಆಚೆಗೆ. ಮಗಳಿಗೆ ಎರಡೂಕಾಲು ವರ್ಷ. ನನಗೆ ಮೊದಲಿಂದಲೂ ಸೈಕಲ್ ಹುಚ್ಚು. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿ ಬಂದರೇ ಸಮಾಧಾನ. ಮಗು ಆದಮೇಲೆ ಸೈಕಲ್ ಮುಟ್ಟಿಲ್ಲ. ಜರ್ಮನಿಯಿಂದ ವಾಪಸ್ ಬಂದ ಅಕ್ಕ, ಸೈಕಲ್ ಹಿಂದೆ ಕಟ್ಟಿಕೊಳ್ಳುವ ಮಕ್ಕಳ ಟ್ರೇಲರ್ ಕೊಟ್ಟಿದ್ದಾಳೆ. ಅದರಲ್ಲಿ ಮಗಳನ್ನು ಸರಸ್ವತಿಪುರಂನ ಪ್ಲೇಸ್ಕೂಲಿಗೆ ಬಿಟ್ಟು ಬರೋಣ ಅಂತ ನನ್ನ ಆಸೆ. ಯಜಮಾನರು, ‘ಬಸ್ಸಿನವನಿಗೆ ನೀನು ಕಾಣ್ತೀಯ, ಹಿಂದಿನ ಡಬ್ಬಿ ಕಾಣಲ್ಲ’ ಅಂತಾರೆ. ಅತ್ತೆಯವರು, ‘ಕೂಸನ್ನ ಕಸದ ಗಾಡೀಲಿ ಎಳ್ಕೊಂಡು ಹೋದ್ರೆ ಬೀದಿಯವರು ಏನಂದಾರು’ ಅಂತ ಮುಖ ಸಿಂಡರಿಸ್ತಾರೆ. ಎರಡು ತಿಂಗಳಿಂದ ಇದೇ ರಗಳೆ. ನನ್ನ ಆಸೆಗೆ ಈ ಮನೆಯಲ್ಲಿ ಬೆಲೆಯೇ ಇಲ್ಲ ಅನಿಸಿದೆ. ಗಾಡಿ ಮಾರಿಬಿಡಲಾ?

ಉತ್ತರ: ಮಾರಬೇಡಿ. ಆದರೆ ಪ್ಲೇಸ್ಕೂಲಿನ ದಾರಿಗೆ ಅದನ್ನು ಕಟ್ಟಲೂ ಬೇಡಿ.

ಅತ್ತೆಯವರದ್ದು ಒಂದು ಮಾತು, ಯಜಮಾನರದ್ದು ಇನ್ನೊಂದು. ನೀವು ಎರಡನ್ನೂ ಒಂದೇ ಗಂಟು ಕಟ್ಟಿ, ಇಬ್ಬರ ಮೇಲೂ ಒಂದೇ ಸಿಟ್ಟು ಇಟ್ಟುಕೊಂಡಿದ್ದೀರಿ. ಅತ್ತೆಯವರಿಗೆ ಬೀದಿಯವರ ಚಿಂತೆ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಾಡಿಯನ್ನು ನಾಲ್ಕು ದಿನ ಜಗಲಿ ಮೇಲೆ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಮಗಳನ್ನು ಅದರಲ್ಲೇ ಆಡಲು ಬಿಡಿ. ಓಡಿಹೋಗದ ಮಗುವಿಗೆ ಅನ್ನ ತಿನ್ನಿಸುವುದು ಎಷ್ಟು ಸುಲಭ ಅಂತ ಅತ್ತೆಯವರಿಗೇ ಗೊತ್ತಾಗುತ್ತದೆ. ಆಮೇಲೆ ಬೀದಿಯವರಿಗೆ ಉತ್ತರ ಕೊಡುವುದನ್ನು ಅವರೇ ನೋಡಿಕೊಳ್ಳುತ್ತಾರೆ.

ಯಜಮಾನರ ಮಾತು ಹಾಗಲ್ಲ. ನಿಮಗೆ ಬೇಜಾರಾದರೂ ಹೇಳಿಬಿಡುತ್ತೇನೆ, ಅವರು ಹೇಳಿದ್ದು ಸರಿ.

ಈ ಟ್ರೇಲರ್ ತಗ್ಗಾಗಿರುತ್ತದೆ. ಹಾಗಿರುವುದರಿಂದ ಒಂದು ಲಾಭವೂ ಉಂಟು. ಅಷ್ಟು ಸುಲಭವಾಗಿ ಮಗುಚುವುದಿಲ್ಲ. ಕೊಂಡಿ ನಾಲ್ಕೂ ಕಡೆ ಬಾಗುವಂತೆ ಮಾಡಿರುತ್ತಾರೆ, ಹಾಗಾಗಿ ನಿಮ್ಮ ಸೈಕಲ್ ಬಿದ್ದರೂ ಗಾಡಿ ಸಾಮಾನ್ಯವಾಗಿ ನೆಟ್ಟಗೆ ನಿಂತಿರುತ್ತದೆ. ಜರ್ಮನಿಯ ರಸ್ತೆ ಕಾನೂನು ಏಳು ವರ್ಷದೊಳಗಿನ ಎರಡು ಮಕ್ಕಳನ್ನು ಇದರಲ್ಲಿ ಕೂರಿಸಲು ಬಿಡುವುದು ಸುಮ್ನೆ ಅಲ್ಲ. ಆದರೆ ಅಲ್ಲಿ ಎಷ್ಟೋ ಕಡೆ ಸೈಕಲ್‌ಗೆ ಬೇರೆ ದಾರಿಯೇ ಇದೆ. ನಿಮ್ಮ ದಾರಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ರಿಂಗ್ ರೋಡ್ ಸಿಗ್ನಲ್ ದಾಟಬೇಕು. ಪಕ್ಕದಲ್ಲಿ ಸಿಟಿ ಬಸ್, ಹಿಂದೆ ಟಿಪ್ಪರ್. ಮಗುವಿನ ಮೂಗು ಸರಿಯಾಗಿ ಸೈಲೆನ್ಸರ್ ಎತ್ತರಕ್ಕೆ ಬರುತ್ತದೆ. ದೂರದಿಂದ ಕಾಣಲಿ ಅಂತ ಗಾಡಿಯ ಹಿಂದೆ ಸಿಕ್ಕಿಸುವ ಕೇಸರಿ ಬಾವುಟ ಬಸ್ಸಿನವನಿಗೆ ಕಂಡರೂ, ಎಡಗಡೆಯಿಂದ ನುಗ್ಗುವ ಆಟೋದವನಿಗೆ ಕಾಣಬೇಕಲ್ಲ! ನಮ್ಮೂರಲ್ಲಿ 2017ರಲ್ಲೇ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾಯಿತು, ನಿಜ. ಸೈಕಲ್ ಬಂದಷ್ಟು ಸಲೀಸಾಗಿ ಸೈಕಲ್ ದಾರಿ ಬರಲಿಲ್ಲ.

ಇನ್ನೊಂದು ವಿಷಯ, ಇದು ಓಡಿಸಿದ ಮೇಲೇ ಗೊತ್ತಾಗುವಂಥದ್ದು. ಸೈಕಲ್ಲಿಗೆ ಒಂದೇ ಜಾಡು. ಟ್ರೇಲರ್ ಕಟ್ಟಿದರೆ ಮೂರು ಜಾಡು. ನೀವು ಗುಂಡಿ ನೋಡಿ ಜಾಣತನದಿಂದ ಪಕ್ಕಕ್ಕೆ ತಪ್ಪಿಸುತ್ತೀರಿ, ಹಿಂದಿನ ಒಂದು ಚಕ್ರ ಸೀದಾ ಅದರೊಳಗೇ ಇಳಿಯುತ್ತದೆ. ತಿರುವಿನಲ್ಲಿ ನೀವು ದಾಟಿದ ಫುಟ್‌ಪಾತ್ ಅಂಚನ್ನು ಅದು ಹತ್ತಿಯೇ ದಾಟುತ್ತದೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತದಿದ್ದರೆ ಗಾಡಿ ವಾಲುತ್ತದೆ. ಬ್ರೇಕ್ ಹಿಡಿದರೆ ಹಿಂದಿನ ತೂಕ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಗಾಡಿಯದೇ ಹತ್ತು-ಹದಿನೈದು ಕಿಲೋ, ಮಗುವಿನದು ಹನ್ನೆರಡು ಅಂದುಕೊಳ್ಳಿ. ಚಾಮುಂಡಿ ಬೆಟ್ಟದ ಇಳಿಜಾರಿಗೆ ಇದನ್ನು ಕನಸಿನಲ್ಲೂ ಒಯ್ಯಬೇಡಿ.

ಹಾಗಂತ ಯಜಮಾನರು ಪೂರ್ತಿ ಗೆದ್ದರು ಅಂತಲ್ಲ. ಅವರು ಮಗಳನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಹಾಲಿಗೆ, ತರಕಾರಿಗೆ ಹೋಗುತ್ತಾರಾ? ನೀವು ಬರೆದಿಲ್ಲ, ಆದರೆ ನಮ್ಮಲ್ಲಿ ಮುಕ್ಕಾಲುಪಾಲು ಅಪ್ಪಂದಿರು ಮಾಡುವುದು ಅದನ್ನೇ. ಬೈಕು, ಸ್ಕೂಟರಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನ ಜೊತೆ ಬಿಗಿಯುವ ಬೆಲ್ಟ್ ಇರಬೇಕು, ಒಂಬತ್ತು ತಿಂಗಳು ತುಂಬಿದ್ದರೆ ಹೆಲ್ಮೆಟ್ಟೂ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು ಅಂತ 2022ರಲ್ಲೇ ಕೇಂದ್ರದ ನಿಯಮ ಬಂದಿದೆ. ಭಯ ಪಡುವುದಾದರೆ ಎರಡಕ್ಕೂ ಪಡಬೇಕು, ಅಲ್ವಾ? ಇದನ್ನು ಜಗಳಕ್ಕೆ ಅಸ್ತ್ರ ಮಾಡಿಕೊಳ್ಳಬೇಡಿ. ಊಟ ಆದಮೇಲೆ, ಅತ್ತೆಯವರ ಎದುರಿಗಲ್ಲದೆ, ಒಂದು ಸಲ ಕೇಳಿ ನೋಡಿ.

ಟ್ರೇಲರ್ ಓಡಿಸುವುದಕ್ಕೆ ನಿಮ್ಮ ಕಡೆ ಜಾಗವೇನೂ ಕಡಿಮೆಯಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯ ಒಳರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಆರೂವರೆಗೆ ಮರದ ನೆರಳು, ಅಲ್ಲೊಬ್ಬ ಇಲ್ಲೊಬ್ಬ ವಾಕಿಂಗಿನವರು, ಅಷ್ಟೇ. ಗೇಟಿನಲ್ಲಿ ಒಂದು ಮಾತು ಕೇಳಿಕೊಂಡು ಹೋಗಿ. ಕುಕ್ಕರಹಳ್ಳಿ ಕೆರೆ ಏರಿ ಮಾತ್ರ ಬೇಡ, ಅದು ನಡೆಯುವವರದ್ದು. ಕ್ಯಾಂಪಸ್‌ವರೆಗೆ ಗಾಡಿಯನ್ನು ಮಡಚಿ ಕಾರಿನಲ್ಲೋ ಆಟೋದಲ್ಲೋ ತನ್ನಿ. ರಿಂಗ್ ರೋಡ್ ದಾಟುವ ಪ್ರಶ್ನೆಯೇ ಬರುವುದಿಲ್ಲ.

ಮೊದಲ ಸಲ ಮಗುವನ್ನು ಕೂರಿಸಬೇಡಿ. ಹತ್ತು ಕಿಲೋ ಅಕ್ಕಿ ಮೂಟೆಗೆ ಬೆಲ್ಟ್ ಬಿಗಿದು ಓಡಿಸಿ. ಓಡಿಸುವವರು ನೀವಲ್ಲ, ಯಜಮಾನರು. ಇದು ನನ್ನ ಮುಖ್ಯ ಸಲಹೆ. ಹಿಂದೆ ನಿಂತು ಬೇಡ ಅನ್ನುವುದು ಒಂದು, ಸ್ವತಃ ಎಳೆದು, ತಿರುಗಿಸಿ, ಬ್ರೇಕ್ ಹಿಡಿದು ನೋಡಿ ಬೇಡ ಅನ್ನುವುದು ಇನ್ನೊಂದು. ಆಗ ಅವರ ಭಯಕ್ಕೆ ಒಂದು ಅಳತೆ ಸಿಗುತ್ತದೆ. ನಿಮ್ಮ ಧೈರ್ಯಕ್ಕೂ ಸಿಗುತ್ತದೆ.

ಅದಕ್ಕೂ ಮುಂಚೆ ಒಬ್ಬ ಒಳ್ಳೆ ಸೈಕಲ್ ಮೆಕ್ಯಾನಿಕ್‌ಗೆ ತೋರಿಸಿ. ಅಕ್ಕನ ಮಕ್ಕಳು ಕೂತು ಎದ್ದ ಗಾಡಿ ಅದು. ಐದು ಕಡೆಯಿಂದ ಬಿಗಿಯುವ ಬೆಲ್ಟ್ ಸವೆದಿದೆಯಾ, ಕೊಂಡಿ ಬಿರುಕು ಬಿಟ್ಟಿದೆಯಾ, ಕೊಂಡಿ ಕಳಚಿದರೂ ಗಾಡಿಯನ್ನು ಹಿಡಿದಿಡುವ ಪಟ್ಟಿ ಇದೆಯಾ ನೋಡಿಸಿ. ನಿಮ್ಮದು ಕಾರ್ಬನ್ ಫ್ರೇಮ್ ಸೈಕಲ್ ಆಗಿದ್ದರೆ ಅದಕ್ಕೆ ಟ್ರೇಲರ್ ಕಟ್ಟಬಹುದಾ ಅಂತ ಕಂಪನಿಯ ಪುಸ್ತಕ ನೋಡಲೇಬೇಕು. ಮಗುವಿಗೆ ಹೆಲ್ಮೆಟ್ ಹಾಕಿ ಕೂರಿಸಿದಾಗ ಅದರ ಹಿಂಭಾಗ ಸೀಟಿಗೆ ಒತ್ತಿ ಕತ್ತು ಮುಂದಕ್ಕೆ ಬಾಗುತ್ತಿದ್ದರೆ, ಬೆನ್ನಿಗೆ ತೆಳ್ಳಗೆ ಒಂದು ಟವೆಲ್ ಮಡಚಿಡಿ. ಮುಂದಿನ ಬಲೆ ಯಾವಾಗಲೂ ಮುಚ್ಚಿರಲಿ, ನಿಮ್ಮ ಚಕ್ರ ಹಾರಿಸುವ ಕಲ್ಲು ಅದಕ್ಕೇ ಬಡಿಯುವುದು. ಪ್ಲಾಸ್ಟಿಕ್ ಹೊದಿಕೆ ಮಳೆಗೆ ಮಾತ್ರ. ಬಿಸಿಲಲ್ಲಿ ಮುಚ್ಚಿದರೆ ಒಳಗೆ ಮಗು ಬೆಂದುಹೋಗುತ್ತದೆ.

ಇನ್ನು ನೀವು ಕೇಳದೇ ಇರುವ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಟ್ರೇಲರ್ ವಿಚಾರ ಅಲ್ಲ, ‘ಮಗು ಆದಮೇಲೆ ಸೈಕಲ್ ಮುಟ್ಟಿಲ್ಲ’ ಅನ್ನುವ ಒಂದು ಸಾಲು. ಎರಡೂಕಾಲು ವರ್ಷ! ಮಗುವನ್ನು ಹಿಂದೆ ಕಟ್ಟಿಕೊಂಡರೆ ಮಾತ್ರ ಸೈಕಲ್ ಹತ್ತಬಹುದು ಅಂತ ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಯಾಕೆ? ಬೆಟ್ಟ ಹತ್ತುತ್ತಿದ್ದವರು ನೀವು. ಮಗಳನ್ನು ಎರಡು ಗಂಟೆ ಅವಳ ಅಪ್ಪ ನೋಡಿಕೊಳ್ಳಲಿ, ಅಜ್ಜಿಯೂ ಮನೆಯಲ್ಲೇ ಇದ್ದಾರೆ. ಪ್ಲೇಸ್ಕೂಲಿನ ಜಗಳದಲ್ಲಿ ನೀವು ಕೇಳುತ್ತಿರುವುದು ನಿಮ್ಮ ಸೈಕಲ್ಲನ್ನೇ ಅಂತ ನನಗೆ ಅನಿಸುತ್ತದೆ. ಅದನ್ನು ನೇರವಾಗಿ ಕೇಳಿ. ‘ಭಾನುವಾರ ಮಗಳ ಜೊತೆ ಕ್ಯಾಂಪಸ್, ವಾರದಲ್ಲಿ ಒಂದು ಬೆಳಿಗ್ಗೆ ನಾನೊಬ್ಬಳೇ ಬೆಟ್ಟಕ್ಕೆ’ ಅಂತ. ರಿಂಗ್ ರೋಡ್ ಬಿಟ್ಟುಕೊಡುತ್ತಿದ್ದೀರಲ್ಲ, ಅದಕ್ಕೆ ಬದಲಾಗಿ ಇದನ್ನು ಬಿಡದೆ ಕೇಳಿ.

ಪ್ಲೇಸ್ಕೂಲಿಗೆ ಸದ್ಯಕ್ಕೆ ವ್ಯಾನೋ ಆಟೋನೋ ನೋಡಿಕೊಳ್ಳಿ.