ಲಕ್ವಕ್ಕೆ ಮಾತ್ರೆ ಹುಡುಕುವವರಿಗೆ

ಪ್ರಶ್ನೆ: ಬದಿಯಡ್ಕದ ಬಳಿ ನಮಗೆ ಅಡಿಕೆ ತೋಟವಿದೆ. 64 ವರ್ಷದ ನನ್ನ ತಂದೆಗೆ ಎರಡು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲು ಸೋತಿವೆ. ಖಿನ್ನತೆಗೆ ಕೊಡುವ ಫ್ಲುಒಕ್ಸೆಟಿನ್ ಮಾತ್ರೆಯಿಂದ ಕೈಕಾಲಿಗೆ ಬಲ ಬರುತ್ತದಂತೆ. ಕೊಡಬಹುದೇ?

ಉತ್ತರ: ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲರೂ ಇದನ್ನೇ ಕೇಳುತ್ತಿದ್ದಾರೆ. ಬಲ ಬರಲೆಂದು ಕೊಡಬೇಡಿ. 2011ರಲ್ಲಿ ಫ್ರಾನ್ಸಿನ 118 ರೋಗಿಗಳ ಪರೀಕ್ಷೆಯಲ್ಲಿ, ದಿನಕ್ಕೆ 20 ಮಿಲಿಗ್ರಾಂನಂತೆ ಮೂರು ತಿಂಗಳು ಇದನ್ನು ನುಂಗಿದವರ ಚಲನೆ ಹೆಚ್ಚು ಸುಧಾರಿಸಿತ್ತು. ವೈದ್ಯರಾದ ನಾವೂ ಆಸೆಪಟ್ಟೆವು. ಆಮೇಲೆ ಬ್ರಿಟನ್ನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಈ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ ಆರು ತಿಂಗಳು ಕೊಟ್ಟು ನೋಡಿದರು. ನಡಿಗೆ, ಸ್ನಾನ, ಊಟದಂಥ ನಿತ್ಯದ ಕೆಲಸಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ವೀಡನ್ನಿನಲ್ಲೂ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ವಿಯೆಟ್ನಾಂಗಳಲ್ಲೂ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಗಳ ಫಲ ಅದೇ. ಖಿನ್ನತೆ ಕಡಿಮೆಯಾಯಿತು, ಮೂಳೆ ಮುರಿತ ಹೆಚ್ಚಾಯಿತು. ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಒಂದು ಕಾಲು ಎಳೆದು ನಡೆಯುವವರಿಗೆ ಇದು ಸಣ್ಣ ಮಾತಲ್ಲ. ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಆಸ್ಪಿರಿನ್ ಜೊತೆಗಿದ್ದರೆ ರಕ್ತಸ್ರಾವದ ಭಯವೂ ಇದೆ.

ಆದರೆ ತಂದೆಯವರು ಮಂಕಾಗಿ, ಊಟ ಬಿಟ್ಟು, ಗೋಡೆ ನೋಡಿಕೊಂಡು ಮಲಗಿದ್ದಾರೆಯೇ? ಹಾಗಿದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಅದಕ್ಕಾಗಿ ವೈದ್ಯರು ಈ ಮಾತ್ರೆ ಬರೆದಿದ್ದರೆ ನನ್ನ ಉತ್ತರ ಓದಿ ತಟ್ಟನೆ ನಿಲ್ಲಿಸಬೇಡಿ.

ನರಕ್ಕೆ ಶಕ್ತಿ ಎಂದು ಮಾರುವ ಸಿಟಿಕೋಲಿನ್ ಕೂಡ ಯುರೋಪಿನ ದೊಡ್ಡ ಪರೀಕ್ಷೆಯಲ್ಲಿ 2012ರಲ್ಲೇ ಸೋತಿದೆ. ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪಾದಿಂದಲೂ ನಡಿಗೆ ಸುಧಾರಿಸಲಿಲ್ಲ. ಸಾಲ ಮಾಡಿ ಇವನ್ನು ಕೊಳ್ಳುವ ಬದಲು ಫಿಸಿಯೋಥೆರಪಿಸ್ಟರನ್ನು ಮನೆಗೆ ಕರೆಸಿ. ಬೆರಳು ಸ್ವಲ್ಪವಾದರೂ ಮಡಚುತ್ತಿದ್ದರೆ ಗೆರಸೆಯಲ್ಲಿ ಸುಲಿದ ಅಡಿಕೆ ಹರಡಿ, ಬಲಗೈಯಿಂದಲೇ ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿಸಿ. ಹೆಬ್ಬೆರಳಿನಿಂದ ಜಾರಿದರೆ ಜಾರಲಿ, ನೀವು ಹೆಕ್ಕಿ ಕೊಡಬೇಡಿ. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗಲೇ ಮಿದುಳಿನ ಉಳಿದ ಭಾಗ ಅದನ್ನು ಕಲಿಯುತ್ತದೆ. ಪ್ರೀತಿಯಿಂದ ಗಂಜಿ ಬಾಯಿಗಿಡುವ ಮನೆಯವರೇ ಎಷ್ಟೋ ಕೈಗಳನ್ನು ಕೆಲಸಕ್ಕೆ ಬಾರದಂತೆ ಮಾಡಿದ್ದಾರೆ. ಇನ್ನೊಂದು ಮಾತು: ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ.

ಪ್ರಶ್ನೆ: ಮುಷ್ಟಿ ಬಿಗಿದುಕೊಂಡಿದೆ. ಚುಚ್ಚುಮದ್ದು ಇದೆಯೇ?

ಉತ್ತರ: ಇದೆ, ಬೊಟುಲಿನಂ ಟಾಕ್ಸಿನ್. ಸುಮಾರು ಮೂರು ತಿಂಗಳು ಬಿಗಿತ ಸಡಿಲಿಸುತ್ತದೆ. ಅಂಗೈ ತೊಳೆಯಲು, ಉಗುರು ಕತ್ತರಿಸಲು ಅನುಕೂಲ. ಬಲ ಕೊಡುವುದಿಲ್ಲ.

ಪ್ರಶ್ನೆ: ಪಾರಿವಾಳದ ರಕ್ತ ಹಚ್ಚಿದರೆ ಗುಣವಾಗುತ್ತದೆಯೇ?

ಉತ್ತರ: ಇಲ್ಲ. ಪೆಟ್ಟು ಬಿದ್ದಿರುವುದು ಮಿದುಳಿಗೆ, ಚರ್ಮಕ್ಕಲ್ಲ. ರಕ್ತದ ಹೆಪ್ಪು ಕರಗಿಸುವ ಮದ್ದು ಕೊಡಬಹುದಾದ ಮೊದಲ ನಾಲ್ಕೂವರೆ ಗಂಟೆಯನ್ನು ನಾಟಿ ಮದ್ದಿನವರ ಜಗಲಿಯಲ್ಲಿ ಕಳೆದು ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನಡೆಯಲು ಬಂದಿದೆ. ರಕ್ತದೊತ್ತಡದ ಮಾತ್ರೆ ನಿಲ್ಲಿಸಲೇ?

ಉತ್ತರ: ಎರಡನೇ ಸಲ ಲಕ್ವ ಹೊಡೆಯುವುದು ಹೀಗೆ ನಿಲ್ಲಿಸಿದವರಿಗೇ ಹೆಚ್ಚು. ನಿಲ್ಲಿಸಬೇಡಿ.