ಓದುಗರ ಪ್ರಶ್ನೆ: ಮಕ್ಕಳ ಪ್ರಕರಣ ನಡೆಸುವವರಿಗೆ ಬೇಕಾದ ತರಬೇತಿ

ಪ್ರಶ್ನೆ: ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣ ನೋಡುವ, ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲ ನ್ಯಾಯ ಮಂಡಳಿಗೆ ಸಮಾಜ ಕಾರ್ಯಕರ್ತೆ ಸದಸ್ಯೆಯಾಗಿ ನೇಮಕವಾಗಿದ್ದೇನೆ. ತರಬೇತಿ ಯಾವಾಗ ಸಿಗಬೇಕು? ಅಲ್ಲಿಯವರೆಗೆ ಏನು ಓದಿಕೊಳ್ಳಲಿ?

ಉತ್ತರ: ನೇಮಕವಾದ 60 ದಿನದೊಳಗೆ ರಾಜ್ಯ ಸರ್ಕಾರ ತರಬೇತಿ ಕೊಡಿಸಲೇಬೇಕು. 2015ರ ಬಾಲ ನ್ಯಾಯ ಕಾಯ್ದೆಯ 4(5)ನೇ ಕಲಮಿನಲ್ಲಿ ಇದಿದೆ; ಪ್ರಧಾನ ಮ್ಯಾಜಿಸ್ಟ್ರೇಟರಿಗೂ ಇದೇ ನಿಯಮ. ಆದರೆ ಮಕ್ಕಳು ಮೊದಲ ದಿನದಿಂದಲೇ ನಿಮ್ಮ ಮುಂದೆ ಬರುತ್ತಾರೆ. ಆದ್ದರಿಂದ ಎರಡು ಕಲಮುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ.

12ನೆಯದು ಜಾಮೀನು. ಅಪರಾಧ ಜಾಮೀನಿಗೆ ಅರ್ಹವಾಗಿರಲಿ, ಇಲ್ಲದಿರಲಿ, ಮಗುವನ್ನು ಬಿಡುವುದೇ ನಿಯಮ. ಗುರುತಾದ ಅಪರಾಧಿಯ ಸಹವಾಸ, ಮಗುವಿಗೇ ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯ, ನ್ಯಾಯದ ಉದ್ದೇಶಕ್ಕೆ ಭಂಗ – ಈ ಮೂರೇ ಕಾರಣಕ್ಕೆ ನಿರಾಕರಿಸಬಹುದು. 'ಅಪರಾಧ ಗಂಭೀರವಾಗಿದೆ' ಎಂದಷ್ಟೇ ಬರೆದರೆ ಆ ಆದೇಶ ನಿಲ್ಲದು. ಜಾಮೀನು ಸಿಕ್ಕಿಯೂ 7 ದಿನದೊಳಗೆ ಷರತ್ತು ಪೂರೈಸಲಾಗದ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬೇಕು. ಬಡ ಮನೆಯ ಮಕ್ಕಳು ವೀಕ್ಷಣಾಲಯದಲ್ಲಿ (ಪ್ರಕರಣ ನಡೆಯುವಾಗ ಮಕ್ಕಳನ್ನು ಇರಿಸುವ ಸರ್ಕಾರಿ ಮನೆ) ಸಿಕ್ಕಿಕೊಳ್ಳುವುದು ಇದು ಮರೆತುಹೋದಾಗಲೇ.

94ನೆಯದು ವಯಸ್ಸು. ಮೊದಲು ಶಾಲೆಯ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ.

ಭಿನ್ನಾಭಿಪ್ರಾಯ ಬಂದರೆ ಬಹುಮತವೇ ಮಂಡಳಿಯ ತೀರ್ಮಾನ. ಹಾಗಾಗಿ ಮ್ಯಾಜಿಸ್ಟ್ರೇಟರು ಬರೆದದ್ದಕ್ಕೆ ಸುಮ್ಮನೆ ಸಹಿ ಹಾಕಬೇಡಿ.

ಪ್ರಶ್ನೆ: 16 ದಾಟಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದಾಗ ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ನಿರ್ಧರಿಸಲು ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದಲ್ಲ, ಅದಕ್ಕೆ ಬುದ್ಧಿಮತ್ತೆಯ ಪರೀಕ್ಷೆ ಸಾಕೇ?

ಉತ್ತರ: ಸಾಲದು. ಹೆಚ್ಚು ಎಡವುವ ಜಾಗ ಇದೇ. 15ನೇ ಕಲಂ ಕೇಳುವುದು ನಾಲ್ಕು ಬೇರೆ ಬೇರೆ ಸಂಗತಿ: ಮಾನಸಿಕ ಸಾಮರ್ಥ್ಯ, ದೈಹಿಕ ಸಾಮರ್ಥ್ಯ, ಪರಿಣಾಮಗಳನ್ನು ಅರಿಯುವ ಶಕ್ತಿ, ಘಟನೆ ನಡೆದ ಸನ್ನಿವೇಶ. ಲೆಕ್ಕದಲ್ಲಿ ಚುರುಕಾದ ಹುಡುಗನಿಗೆ ತನ್ನ ಕೃತ್ಯದಿಂದ ಎದುರಿನವರ ಮನೆಗೂ ತನ್ನ ಮನೆಗೂ ಮುಂದೆ ಏನಾಗುತ್ತದೆ ಎಂಬುದು ಹೊಳೆಯದೇ ಇರಬಹುದು. 2022ರ ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರ ಓದಿದವರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಎಂದೂ ಹೇಳಿತು.

ತಜ್ಞರಿಗೆ 'ಪರೀಕ್ಷಿಸಿ ವರದಿ ಕೊಡಿ' ಎಂದು ಒಂದು ಸಾಲು ಬರೆದರೆ ಬರುವುದು ಬರೀ ಅಂಕ. ನಾಲ್ಕೂ ಸಂಗತಿಗಳನ್ನು ಬೇರೆ ಬೇರೆ ಪ್ರಶ್ನೆಯಾಗಿ ಬರೆದು, ಜೊತೆಗೆ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿ) ಸಾಮಾಜಿಕ ತನಿಖಾ ವರದಿಯನ್ನೂ, ಅಂದರೆ ಮಗುವಿನ ಮನೆ ಮತ್ತು ಹಿನ್ನೆಲೆಯ ವಿವರವನ್ನೂ, ಕಳಿಸಿ. ಆ ವರದಿ ಮಗುವನ್ನು ಹಾಜರುಪಡಿಸಿದ 15 ದಿನದೊಳಗೆ ಬರಬೇಕು; ತಡವಾದರೆ ಮುಂದಿನದೆಲ್ಲವೂ ತಡ. ಮೌಲ್ಯಮಾಪನಕ್ಕೆ ಇರುವುದೇ 3 ತಿಂಗಳು. ಈ ಗಡುವು ಕಡ್ಡಾಯವಲ್ಲ, ನಿರ್ದೇಶನಾತ್ಮಕ (ಪಾಲಿಸಬೇಕಾದದ್ದೇ, ಆದರೆ ಮೀರಿದಷ್ಟಕ್ಕೇ ಪ್ರಕ್ರಿಯೆ ಅಸಿಂಧುವಾಗದು) ಎಂದು 2024ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಆಲಸ್ಯಕ್ಕೆ ರಜೆ ಎಂದು ಓದಬಾರದು.

ಇನ್ನೊಂದು ಮಾತು: ಇದು ವಿಚಾರಣೆಯಲ್ಲ. 'ನೀನು ಮಾಡಿದೆಯಾ?' ಎಂದು ಕೇಳಿ ತಪ್ಪೊಪ್ಪಿಗೆ ಪಡೆದು, ಅದನ್ನೇ ಸಾಮರ್ಥ್ಯಕ್ಕೆ ಸಾಕ್ಷಿ ಮಾಡಿಕೊಳ್ಳುವುದು ಮಗುವಿಗೆ ಬಗೆಯುವ ದೊಡ್ಡ ಅನ್ಯಾಯ. ತರಬೇತಿಯಲ್ಲಿ ಕಲಮುಗಳನ್ನು ಓದಿಸುವುದಕ್ಕಿಂತ ಹೆಸರು ತೆಗೆದ ಎರಡು ವರದಿ ಕೊಟ್ಟು, ಯಾವುದು ಅಪೂರ್ಣ, ಏಕೆ ಎಂದು ಬರೆಸಿದರೆ ಹೆಚ್ಚು ಉಪಯೋಗ.

ಪ್ರಶ್ನೆ: ಮಂಡಳಿಯ ಕೆಲಸದ ಬಗ್ಗೆ ಅಧ್ಯಯನ ಮಾಡಬೇಕೆಂದರೆ ಯಾವ ಅಂಕಿ ಅಂಶ ಬೇಕು?

ಉತ್ತರ: ಬಾಕಿ ಪ್ರಕರಣಗಳ ಒಟ್ಟು ಸಂಖ್ಯೆ ಏನನ್ನೂ ಹೇಳದು. ಪ್ರತಿ ಕಡತದಿಂದ ಮಗು ಹಾಜರಾದ ದಿನ, ತನಿಖಾ ವರದಿ ಬಂದ ದಿನ, ಜಾಮೀನು ಆದೇಶದ ದಿನ, ಮಗು ನಿಜವಾಗಿ ಮನೆಗೆ ಹೋದ ದಿನ, ಅಂತಿಮ ಆದೇಶದ ದಿನ ಎತ್ತಿಕೊಳ್ಳಿ. ಕೆಲಸ ಎಲ್ಲಿ ನಿಂತಿದೆ ಎಂದು ಆಗ ಕಾಣುತ್ತದೆ. 74ನೇ ಕಲಂ ಗುರುತು ಬಹಿರಂಗವನ್ನು ನಿಷೇಧಿಸುವುದರಿಂದ ಹೆಸರು, ಶಾಲೆ, ವಿಳಾಸ ಬೇಡ.

ಪ್ರಶ್ನೆ: ಕೌಟುಂಬಿಕ ನ್ಯಾಯಾಲಯದಲ್ಲಿ ಮಗುವಿನ ಸುಪರ್ದಿನ ವಿಷಯ ಬಂದಾಗ ನ್ಯಾಯಾಧೀಶರು ಮಗುವನ್ನು ಹೇಗೆ ಮಾತನಾಡಿಸಬೇಕು?

ಉತ್ತರ: ತಂದೆ ತಾಯಿ ಇಬ್ಬರನ್ನೂ ಹೊರಗಿಟ್ಟು, ಕೊಠಡಿಯಲ್ಲಿ. 'ಅಪ್ಪ ಬೇಕಾ, ಅಮ್ಮ ಬೇಕಾ?' ಎಂದು ಎಂದೂ ಕೇಳಬಾರದು. ಮಗು ಒಬ್ಬರನ್ನು ತೊರೆದ ಹೊರೆ ಹೊರುತ್ತದೆ. ಬೆಳಗ್ಗೆ ಶಾಲೆಗೆ ಯಾರು ಸಿದ್ಧ ಮಾಡುತ್ತಾರೆ, ಜ್ವರ ಬಂದಾಗ ಯಾರನ್ನು ಕರೆಯುತ್ತೀಯ ಎಂಬಂಥ ಪ್ರಶ್ನೆಗಳಿಗೆ ಬರುವ ಉತ್ತರದಲ್ಲೇ ಬೇಕಾದದ್ದು ಸಿಗುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ತಜ್ಞರ ನೆರವಿಗೆ ದಾರಿ ಬಿಟ್ಟಿದೆ. ಹೇಳಿಕೊಟ್ಟ ಮಾತು ಎಂಬ ಅನುಮಾನ ಬಂದರೆ ಬೇರೊಂದು ದಿನ ಮತ್ತೆ ಮಾತನಾಡಿಸಿ, ಆ ಸಲ ಮಗುವನ್ನು ಕರೆತರುವವರು ಬದಲಾಗಲಿ.